ಶಿಕ್ಷೆಯೂ ಇಲ್ಲ, ಬಿಡುಗಡೆಯೂ ಇಲ್ಲ: ಗ್ವಾಂಟನಾಮೋ ಕಗ್ಗಂಟು

2024ರ ಜುಲೈ 31ರಂದು ಅಮೆರಿಕದ ರಕ್ಷಣಾ ಇಲಾಖೆಯಿಂದ ಒಂದು ಸುದ್ದಿ ಬಂತು. 2001ರ ಸೆಪ್ಟೆಂಬರ್ 11ರ ದಾಳಿಯ ಮುಖ್ಯ ಸಂಚುಕೋರ ಎನ್ನಲಾದ, ಗ್ವಾಂಟನಾಮೋ ಸೇನಾ ಜೈಲಿನಲ್ಲಿರುವ ಖಾಲಿದ್ ಶೇಖ್ ಮೊಹಮ್ಮದ್ ಮತ್ತು ಇನ್ನಿಬ್ಬರು ಮರಣದಂಡನೆ ಕೊಡಬಾರದು ಎಂಬ ಷರತ್ತಿನ ಮೇಲೆ ತಪ್ಪೊಪ್ಪಿಕೊಳ್ಳಲು ತಯಾರಾಗಿದ್ದಾರೆ, ಒಪ್ಪಂದಕ್ಕೆ ಸಹಿ ಬಿದ್ದಿದೆ ಎಂದು. ಎರಡೇ ದಿನ ಕಳೆಯಿತು. ಆಗಸ್ಟ್ 2ರಂದು ಅದೇ ಇಲಾಖೆಯ ಮುಖ್ಯಸ್ಥ, ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್ (ನಮ್ಮ ರಕ್ಷಣಾ ಮಂತ್ರಿಯ ಸ್ಥಾನ) ಆ ಒಪ್ಪಂದ ರದ್ದು ಎಂದರು. ನವೆಂಬರ್‌ನಲ್ಲಿ ಮಿಲಿಟರಿ ಜಡ್ಜ್, ರದ್ದು ಮಾಡಿದ್ದು ನಡೆಯುವುದಿಲ್ಲ ಎಂದರು. ಡಿಸೆಂಬರ್ ಕೊನೆಗೆ ಮಿಲಿಟರಿ ಮೇಲ್ಮನವಿ ಕೋರ್ಟ್ ಜಡ್ಜ್ ಮಾತನ್ನೇ ಎತ್ತಿಹಿಡಿಯಿತು. 2025ರ ಜುಲೈ 11ರಂದು ವಾಷಿಂಗ್ಟನ್‌ನ ಫೆಡರಲ್ ಮೇಲ್ಮನವಿ ಕೋರ್ಟ್ ಇದೆಲ್ಲವನ್ನೂ ತಿರುವಿಹಾಕಿತು. ಮೂವರು ಜಡ್ಜ್‌ಗಳಲ್ಲಿ ಇಬ್ಬರು, ಒಪ್ಪಂದ ಹಿಂತೆಗೆದುಕೊಳ್ಳುವ ಅಧಿಕಾರ ಕಾರ್ಯದರ್ಶಿಗೆ ಇತ್ತು ಎಂದರು.

ಓದುವವರಿಗೆ ತಲೆ ಗಿರ್ ಎನ್ನುವುದು ಸಹಜ. ಸುಮಾರು 3 ಸಾವಿರ ಜನ ಸತ್ತ ದಾಳಿ. ಆರೋಪಿ ಸಿಕ್ಕಿಬಿದ್ದದ್ದು 2003ರಲ್ಲಿ. ದಾಳಿ ಮಾಡಿಸಿದ್ದು ನಾನೇ ಎಂದು ಆತನೇ ಹೇಳಿಕೊಂಡಿದ್ದಾನೆ. ಹಾಗಿದ್ದ ಮೇಲೆ ವಿಚಾರಣೆ ಮುಗಿಸಿ ತೀರ್ಪು ಕೊಡಲು ಏನು ಅಡ್ಡಿ? ಸರ್ಕಾರವೇ ಮಾಡಿಕೊಂಡ ಒಪ್ಪಂದವನ್ನು ಸರ್ಕಾರವೇ ಹರಿದುಹಾಕಿದ್ದು ಯಾಕೆ?

ಉತ್ತರ ಬೇಕಿದ್ದರೆ 2001ರ ಚಳಿಗಾಲಕ್ಕೆ ಹೋಗಬೇಕು. ಮಾಮೂಲಿ ಕೋರ್ಟ್‌ನ ದಾರಿ ನಿಧಾನ, ಸೈನ್ಯದ ದಾರಿ ಬೇಗ ಮುಗಿಯುತ್ತದೆ ಎಂದು ಆಗ ಒಂದು ತೀರ್ಮಾನ ಆಯಿತು. ಆದದ್ದು ಪೂರ್ತಿ ಉಲ್ಟಾ.

ಮಾವ ಮತ್ತು ಅಳಿಯ

9/11ಕ್ಕಿಂತ ಮುಂಚೆ ಅಮೆರಿಕ ಭಯೋತ್ಪಾದನೆಯನ್ನು ಅಪರಾಧ ಎಂದೇ ನೋಡುತ್ತಿತ್ತು. 1993ರ ಫೆಬ್ರವರಿ 26ರಂದು ಇದೇ ವರ್ಲ್ಡ್ ಟ್ರೇಡ್ ಸೆಂಟರ್‌ನ ಕೆಳಗಿನ ಪಾರ್ಕಿಂಗ್‌ನಲ್ಲಿ ಬಾಂಬ್ ತುಂಬಿದ ವ್ಯಾನ್ ಸಿಡಿದು ಆರು ಜನ ಸತ್ತರು. ಅದರ ರೂವಾರಿ ರಮ್ಜಿ ಯೂಸೆಫ್ 1995ರಲ್ಲಿ ಇಸ್ಲಾಮಾಬಾದ್‌ನಲ್ಲಿ ಸಿಕ್ಕಿಬಿದ್ದ. ಅವನನ್ನು ನ್ಯೂಯಾರ್ಕ್‌ಗೆ ತಂದು, ವಕೀಲರನ್ನು ಕೊಟ್ಟು, ಜ್ಯೂರಿಯ (ತಪ್ಪಿತಸ್ಥ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ಜನರ ತಂಡ) ಮುಂದೆ ನಿಲ್ಲಿಸಿದರು. 1998ರ ಜನವರಿಯಲ್ಲಿ ಸಾಯುವ ತನಕ ಜೈಲು ಎಂದು ಶಿಕ್ಷೆಯಾಯಿತು. ಮೂರು ವರ್ಷದೊಳಗೆ ಕೇಸ್ ಮುಗಿಯಿತು.

ಈ ಯೂಸೆಫ್ ಸಂಬಂಧದಲ್ಲಿ ಖಾಲಿದ್ ಶೇಖ್ ಮೊಹಮ್ಮದ್‌ಗೆ ಸೋದರಳಿಯ. ಮಾವ ಸಿಕ್ಕಿದ್ದು 2003ರ ಮಾರ್ಚ್ 1ರಂದು, ಇಸ್ಲಾಮಾಬಾದ್‌ಗೆ ಅಂಟಿಕೊಂಡಿರುವ ರಾವಲ್ಪಿಂಡಿಯಲ್ಲಿ. ಒಂದೇ ಕುಟುಂಬ, ಒಂದೇ ಗುರಿ, ಹಿಡಿದ ಊರೂ ಹೆಚ್ಚುಕಡಿಮೆ ಒಂದೇ. ಅಳಿಯನ ಕೇಸ್ ಎಂದೋ ಮುಗಿಯಿತು. ಮಾವನ ಕೇಸ್‌ನಲ್ಲಿ 2025ರ ಆ ತೀರ್ಪು ಬರುವ ಹೊತ್ತಿಗೂ ಜ್ಯೂರಿ ಆಯ್ಕೆ ಕೂಡ ಆಗಿರಲಿಲ್ಲ. ಇಬ್ಬರಿಗೂ ಇದ್ದ ವ್ಯತ್ಯಾಸ ಇಷ್ಟೇ: ಒಬ್ಬನನ್ನು ಕೋರ್ಟ್‌ಗೆ ಒಪ್ಪಿಸಿದರು, ಇನ್ನೊಬ್ಬನನ್ನು ಗುಪ್ತಚರ ಸಂಸ್ಥೆ ಸಿಐಎ ಮತ್ತು ಸೈನ್ಯದ ಕೈಗೆ ಕೊಟ್ಟರು.

ಅರವತ್ತು ಪದಗಳ ಅಧಿಕಾರ

ದಾಳಿಯಾಗಿ ಒಂದು ವಾರಕ್ಕೆ, 2001ರ ಸೆಪ್ಟೆಂಬರ್ 18ರಂದು, ಅಮೆರಿಕದ ಸಂಸತ್ತು ಪಾಸು ಮಾಡಿದ ಒಂದು ನಿರ್ಣಯಕ್ಕೆ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದರು. ಅದರ ಮುಖ್ಯ ವಾಕ್ಯ ಇಂಗ್ಲಿಷಿನಲ್ಲಿ ಬರೀ 60 ಪದ. ದಾಳಿ ಮಾಡಿದವರು, ಮಾಡಿಸಿದವರು, ಅವರಿಗೆ ಆಶ್ರಯ ಕೊಟ್ಟವರು, ಇವರೆಲ್ಲರ ಮೇಲೆ ಬೇಕಾದ ಬಲ ಬಳಸಬಹುದು ಎನ್ನುವುದು ಅದರ ಸಾರ. ಯಾರನ್ನಾದರೂ ಬಂಧಿಸಿಡಬಹುದೇ, ಎಷ್ಟು ದಿನ, ಎಲ್ಲಿ ಎನ್ನುವುದರ ಬಗ್ಗೆ ಒಂದಕ್ಷರವೂ ಅದರಲ್ಲಿಲ್ಲ. ಯುದ್ಧ ಯಾವಾಗ ಮುಗಿಯುತ್ತದೆ ಎಂದೂ ಇಲ್ಲ.

ನವೆಂಬರ್ 13ರಂದು ಬುಷ್ ಇನ್ನೊಂದು ಆದೇಶ ಹೊರಡಿಸಿದರು. ಅಮೆರಿಕದ ಪ್ರಜೆಗಳಲ್ಲದ ಭಯೋತ್ಪಾದಕ ಶಂಕಿತರನ್ನು ಸೈನ್ಯವೇ ಹಿಡಿದಿಟ್ಟುಕೊಂಡು, ಸೈನ್ಯದ ನ್ಯಾಯಮಂಡಳಿಯಲ್ಲೇ ವಿಚಾರಣೆ ಮಾಡಬಹುದು ಎಂದು. ಇದಕ್ಕೆ ಅವರ ವಕೀಲರು ತೋರಿಸಿದ್ದು 1942ರ ಒಂದು ಉದಾಹರಣೆ. ಆ ವರ್ಷ ಎಂಟು ಜನ ನಾಜಿ ವಿಧ್ವಂಸಕರು ಜಲಾಂತರ್ಗಾಮಿಯಲ್ಲಿ ಬಂದು ನ್ಯೂಯಾರ್ಕ್ ಮತ್ತು ಫ್ಲಾರಿಡಾ ಕರಾವಳಿಯಲ್ಲಿ ಇಳಿದಿದ್ದರು. ಜೂನ್‌ನಲ್ಲಿ ಇಳಿದವರಲ್ಲಿ ಆರು ಜನರಿಗೆ ಆಗಸ್ಟ್ 8ರಂದು ಮರಣದಂಡನೆ ಆಗಿಹೋಗಿತ್ತು. ಸೈನ್ಯದ ಮಂಡಳಿ, ಎರಡೇ ತಿಂಗಳು. 2001ರಲ್ಲಿ ಎಲ್ಲರ ತಲೆಯಲ್ಲಿದ್ದದ್ದು ಈ ವೇಗ.

ಆದರೆ 1942ರದ್ದು ಬೇರೆ ಥರ. ಆ ಎಂಟು ಜನ ಒಂದು ದೇಶದ ಸೈನ್ಯದ ಪರವಾಗಿ ಬಂದವರು. ಆ ದೇಶದ ಜೊತೆ ಘೋಷಿತ ಯುದ್ಧ ನಡೆಯುತ್ತಿತ್ತು, ಅದು ಒಂದು ದಿನ ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. 9/11ರ ದಾಳಿ ಮಾಡಿದ ಅಲ್‌ಖೈದಾ ಸಂಘಟನೆಗೆ ರಾಜಧಾನಿ ಇಲ್ಲ, ಸಮವಸ್ತ್ರ ಇಲ್ಲ, ಶರಣಾಗತಿ ಪತ್ರಕ್ಕೆ ಸಹಿ ಹಾಕುವ ಸರ್ಕಾರವೂ ಇಲ್ಲ.

ಕ್ಯೂಬಾದ ಮೂಲೆಯೇ ಯಾಕೆ?

ಹಿಡಿದವರನ್ನು ಎಲ್ಲಿಡುವುದು? ಅಮೆರಿಕದ ನೆಲದಲ್ಲಿಟ್ಟರೆ ಅಲ್ಲಿನ ಜಡ್ಜ್‌ಗಳು ಪ್ರಶ್ನೆ ಕೇಳುತ್ತಾರೆ. ಬೇರೆ ದೇಶದಲ್ಲಿಟ್ಟರೆ ಆ ದೇಶದ ಮರ್ಜಿ. ಕ್ಯೂಬಾದ ಆಗ್ನೇಯ ತುದಿಯ ಗ್ವಾಂಟನಾಮೋ ಕೊಲ್ಲಿ ಎರಡೂ ಅಲ್ಲದ ಜಾಗ. 1903ರಿಂದ ಅಮೆರಿಕದ ನೌಕಾಪಡೆಗೆ ಗುತ್ತಿಗೆಯಲ್ಲಿದೆ. ಅಮೆರಿಕ ಪ್ರತಿ ವರ್ಷ ಕಳಿಸುವ ನಾಲ್ಕು ಸಾವಿರ ಡಾಲರ್ ಚಿಲ್ಲರೆಯ ಬಾಡಿಗೆ ಚೆಕ್ಕನ್ನು ಕ್ಯೂಬಾ ದಶಕಗಳಿಂದ ನಗದು ಮಾಡಿಕೊಂಡಿಲ್ಲ. ಸಾರ್ವಭೌಮತ್ವ ಕ್ಯೂಬಾದ್ದು, ಕಾವಲು ಅಮೆರಿಕದ್ದು. ಹಾಗಾಗಿ ಯಾವ ಕೋರ್ಟ್‌ನ ಕೈಯೂ ಅಲ್ಲಿಗೆ ಚಾಚುವುದಿಲ್ಲ ಎನ್ನುವುದು ಸರ್ಕಾರದ ಲೆಕ್ಕ.

2002ರ ಜನವರಿ 11ರಂದು ಮೊದಲ 20 ಕೈದಿಗಳು ಅಲ್ಲಿ ಇಳಿದರು. ಮುಂದೆ ಒಟ್ಟು ಸುಮಾರು 780 ಜನ ಅಲ್ಲಿಗೆ ಬಂದರು. ಅವರಲ್ಲಿ ಬಹುಪಾಲು ಜನರ ಮೇಲೆ ಆರೋಪಪಟ್ಟಿಯನ್ನೇ ಹಾಕಲಿಲ್ಲ. ವರ್ಷಗಟ್ಟಲೆ ಇಟ್ಟುಕೊಂಡು, ಆಮೇಲೆ ಒಂದಲ್ಲ ಒಂದು ದೇಶಕ್ಕೆ ಕಳಿಸಿಬಿಟ್ಟರು.

ಪಡೀಯಾ ಪ್ರಕರಣ

ಗ್ವಾಂಟನಾಮೋ ದೂರದ ಮಾತು ಎನಿಸಿದರೆ ಹೊಸೆ ಪಡೀಯಾ ಪ್ರಕರಣ ನೋಡಬೇಕು. ಈತ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಅಮೆರಿಕದ ಪ್ರಜೆ. 2002ರ ಮೇ 8ರಂದು ಶಿಕಾಗೋ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಹಿಡಿದರು. ಮೊದಲು ಆತ ಬರೀ ಒಂದು ತನಿಖೆಯ ಸಾಕ್ಷಿ. ಒಂದು ತಿಂಗಳಿಗೆ, ಕೋರ್ಟ್ ವಿಚಾರಣೆ ಇನ್ನೇನು ಬಂತು ಎನ್ನುವಾಗ, ಬುಷ್ ಒಂದು ಕಾಗದಕ್ಕೆ ಸಹಿ ಹಾಕಿ ಆತನನ್ನು ಶತ್ರು ಹೋರಾಟಗಾರ, ಅಂದರೆ ಆರೋಪ ಇಲ್ಲದೆಯೂ ಸೈನ್ಯ ಹಿಡಿದಿಡಬಹುದಾದವ, ಎಂದು ಘೋಷಿಸಿದರು. ಆತನನ್ನು ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಬಳಿಯ ನೌಕಾಪಡೆ ಜೈಲಿಗೆ ಸಾಗಿಸಿದರು. ವಿಕಿರಣ ಹರಡುವ ಬಾಂಬ್ ಸಂಚನ್ನು ವಿಫಲಗೊಳಿಸಿದ್ದೇವೆ ಎಂದು ಅಟಾರ್ನಿ ಜನರಲ್ ಜಾನ್ ಆ್ಯಶ್‌ಕ್ರಾಫ್ಟ್ ಮಾಸ್ಕೋದಿಂದ ಟಿವಿಯಲ್ಲಿ ಹೇಳಿದರು.

ಆಮೇಲೆ ಮೂರೂವರೆ ವರ್ಷ ಪಡೀಯಾ ಒಂಟಿ ಸೆಲ್‌ನಲ್ಲಿದ್ದ. ಎರಡು ವರ್ಷದ ಹತ್ತಿರ ವಕೀಲರನ್ನು ನೋಡಲೂ ಬಿಡಲಿಲ್ಲ. ಹಲ್ಲಿನ ಚಿಕಿತ್ಸೆಗೆ ಕರೆದೊಯ್ದ ಒಂದು ದಿನದ ಚಿತ್ರಗಳು 2006ರಲ್ಲಿ ಪತ್ರಿಕೆಯಲ್ಲಿ ಬಂದವು. ಕೈಕಾಲಿಗೆ ಬೇಡಿ. ಏನೂ ಕಾಣದಂತೆ ಕಪ್ಪು ಕನ್ನಡಕ. ಏನೂ ಕೇಳದಂತೆ ಕಿವಿಯ ಮೇಲೆ ದಪ್ಪನೆ ಮುಚ್ಚಳ. ಸುತ್ತಲೂ ಮುಖಗವಸು ಹಾಕಿದ ಕಾವಲಿನವರು. ಹೋಗುತ್ತಿದ್ದದ್ದು ಬರೀ ರೂಟ್ ಕೆನಾಲ್‌ಗೆ.

ಆತನ ಅರ್ಜಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2004ರಲ್ಲಿ ಐದು–ನಾಲ್ಕರ ಬಹುಮತದಲ್ಲಿ ಕೋರ್ಟ್ ಹೇಳಿದ್ದು, ಅರ್ಜಿಯನ್ನು ತಪ್ಪು ಜಿಲ್ಲೆಯಲ್ಲಿ ಹಾಕಿದ್ದೀರಿ, ದಕ್ಷಿಣ ಕ್ಯಾರೊಲಿನಾದಿಂದ ಮತ್ತೆ ಶುರು ಮಾಡಿ ಎಂದು. ಎರಡನೇ ಸಲ ಕೇಸ್ ಸುಪ್ರೀಂ ಕೋರ್ಟ್ ಬಾಗಿಲಿಗೆ ಬಂದಾಗ, 2005ರ ನವೆಂಬರ್‌ನಲ್ಲಿ, ಸರ್ಕಾರ ದಿಢೀರನೆ ಆತನ ಮೇಲೆ ಮಾಮೂಲಿ ಕ್ರಿಮಿನಲ್ ಕೇಸ್ ಹಾಕಿತು. ಆ ಆರೋಪಪಟ್ಟಿಯಲ್ಲಿ ವಿಕಿರಣ ಬಾಂಬ್‌ನ ಸುದ್ದಿಯೇ ಇರಲಿಲ್ಲ! ಅಲ್ಲಿದ್ದದ್ದು ಬೇರೆಯೇ ಸಂಚು, ಹೊರದೇಶಗಳಲ್ಲಿ ಜಿಹಾದಿಗಳಿಗೆ ನೆರವು ಕೊಟ್ಟ ವಿಚಾರ. ಅದುವರೆಗೆ ಸರ್ಕಾರದ ಪರ ತೀರ್ಪು ಬರೆದಿದ್ದ ಮೇಲ್ಮನವಿ ಕೋರ್ಟ್‌ನ ಜಡ್ಜ್ ಮೈಕೆಲ್ ಲಟಿಗ್‌ಗೇ ಸಿಟ್ಟು ಬಂತು. ಸುಪ್ರೀಂ ಕೋರ್ಟ್‌ನಿಂದ ತಪ್ಪಿಸಿಕೊಳ್ಳಲು ಹೀಗೆ ಮಾಡಿದಂತೆ ಕಾಣುತ್ತದೆ ಎಂಬ ಅರ್ಥದಲ್ಲೇ ಅವರು ಬರೆದರು.

2007ರಲ್ಲಿ ಮಯಾಮಿಯ ಜ್ಯೂರಿ ಪಡೀಯಾ ತಪ್ಪಿತಸ್ಥ ಎಂದಿತು. ಮೊದಲು 17 ವರ್ಷ 4 ತಿಂಗಳ ಶಿಕ್ಷೆ, ಮೇಲ್ಮನವಿ ನಂತರ 2014ರಲ್ಲಿ ಅದು 21 ವರ್ಷ ಆಯಿತು. ಅಂದರೆ ಮಾಮೂಲಿ ಕೋರ್ಟ್ ಎರಡೇ ವರ್ಷದಲ್ಲಿ ತೀರ್ಪು ಕೊಟ್ಟಿತು. ಸೈನ್ಯದ ಜೈಲಿನ ಮೂರೂವರೆ ವರ್ಷದಿಂದ ಬಂದದ್ದು ಏನು ಎನ್ನುವುದಕ್ಕೆ ಸರ್ಕಾರ ಸರಿಯಾದ ಉತ್ತರ ಕೊಡಲೇ ಇಲ್ಲ.

ಸರ್ಕಾರದ ವಾದದಲ್ಲಿ ಹುರುಳಿಲ್ಲವೇ?

ಇದೆ. ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ.

ಯುದ್ಧದಲ್ಲಿ ಸೆರೆಸಿಕ್ಕವನನ್ನು ಹಿಡಿದಿಡುವುದು ಶಿಕ್ಷೆಗಾಗಿ ಅಲ್ಲ, ಆತ ಮತ್ತೆ ರಣರಂಗಕ್ಕೆ ಹೋಗದಿರಲಿ ಎಂದು. ಅದಕ್ಕೆ ಆರೋಪ, ವಿಚಾರಣೆ ಯಾವುದೂ ಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಸೈನಿಕರನ್ನು ಹೀಗೇ ಇಟ್ಟಿದ್ದರು. ಎರಡನೆಯದು, ಅಫ್ಘಾನಿಸ್ತಾನದ ಗುಡ್ಡದಲ್ಲಿ ಗುಂಡಿನ ಕಾಳಗದ ನಡುವೆ ಸೈನಿಕ ಪಂಚನಾಮೆ ಬರೆಯುತ್ತಾ ಕೂರಲಾರ. ಬೆರಳಚ್ಚು, ಸಾಕ್ಷಿಗಳ ಸಹಿ, ವಸ್ತುಗಳ ಮೊಹರು, ಇದನ್ನೆಲ್ಲ ಅಲ್ಲಿ ನಿರೀಕ್ಷಿಸುವುದು ಹೇಗೆ? ಮೂರನೆಯದು ಗುಪ್ತಚರ ಮಾಹಿತಿ. ತೆರೆದ ಕೋರ್ಟ್‌ನಲ್ಲಿ ಸಾಕ್ಷ್ಯ ಇಟ್ಟರೆ ಅದು ಬಂದ ಮೂಲವೂ ಬಯಲಾಗುತ್ತದೆ. ನಾಲ್ಕನೆಯದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ: ವಕೀಲ ಬಂದು ಕೂತರೆ ಆರೋಪಿ ಬಾಯಿಮುಚ್ಚುತ್ತಾನೆ. ಮುಂದಿನ ದಾಳಿ ತಡೆಯಬೇಕಾದವರಿಗೆ ಆತ ಮಾತಾಡುವುದು ಬೇಕು.

ಎದುರಿನವರ ಉತ್ತರ ಇದು. ಯುದ್ಧಕೈದಿ ಎಂದಾದರೆ ಜಿನೀವಾ ಒಪ್ಪಂದದ ಎಲ್ಲ ರಕ್ಷಣೆ ಕೊಡಿ, ಯುದ್ಧ ಮುಗಿದಾಗ ಮನೆಗೆ ಕಳಿಸಿ. ಅಪರಾಧಿ ಎಂದಾದರೆ ಆರೋಪ ಹೊರಿಸಿ, ಕೋರ್ಟ್‌ಗೆ ತನ್ನಿ. ನೀವು ಎರಡರಲ್ಲೂ ಸರ್ಕಾರಕ್ಕೆ ಅನುಕೂಲವಾದ ಭಾಗ ಮಾತ್ರ ತೆಗೆದುಕೊಂಡಿದ್ದೀರಿ. ಯುದ್ಧದ ಹೆಸರಲ್ಲಿ ವಿಚಾರಣೆ ಇಲ್ಲದೆ ಹಿಡಿದಿಡುತ್ತೀರಿ, ಅಪರಾಧದ ಹೆಸರಲ್ಲಿ ಗಲ್ಲಿಗೇರಿಸಲು ಹೊರಡುತ್ತೀರಿ. ಕೈದಿಗೆ ಮಾತ್ರ ಎರಡು ಕಡೆಯ ರಕ್ಷಣೆಯೂ ಇಲ್ಲ.

ಇನ್ನೂ ಒಂದು ತೊಂದರೆ ಇದೆ. ರಣರಂಗದಲ್ಲಿ ಬಂದೂಕು ಸಮೇತ ಸಿಕ್ಕವನ ವಿಷಯದಲ್ಲಿ ತಪ್ಪಾಗುವ ಸಾಧ್ಯತೆ ಕಡಿಮೆ. ಆದರೆ ಗ್ವಾಂಟನಾಮೋಗೆ ಬಂದವರಲ್ಲಿ ಎಲ್ಲರೂ ಹಾಗೆ ಸಿಕ್ಕವರಲ್ಲ. ಲಖ್ದರ್ ಬೂಮೆದಿಯನ್ ಬೋಸ್ನಿಯಾದಲ್ಲಿ ರೆಡ್ ಕ್ರೆಸೆಂಟ್ ಸಂಸ್ಥೆಯಲ್ಲಿ ಕೆಲಸಕ್ಕಿದ್ದ. ಅಮೆರಿಕದ ರಾಯಭಾರ ಕಚೇರಿ ಮೇಲೆ ದಾಳಿಗೆ ಸಂಚು ಮಾಡಿದ ಎಂಬ ಅನುಮಾನದಲ್ಲಿ ಅಲ್ಲಿನ ಪೊಲೀಸರು ಹಿಡಿದರು. ಸಾಕ್ಷ್ಯ ಇಲ್ಲ, ಬಿಡಿ ಎಂದು ಬೋಸ್ನಿಯಾದ ಕೋರ್ಟೇ ಹೇಳಿತ್ತು. ಬಿಡುಗಡೆಯ ಹೊತ್ತಿಗೆ ಆತನನ್ನು ಅಮೆರಿಕದವರ ಕೈಗೆ ಕೊಟ್ಟರು. ಏಳು ವರ್ಷ ಕಳೆದು 2008ರಲ್ಲಿ ಅಮೆರಿಕದ ಜಡ್ಜ್ ರಿಚರ್ಡ್ ಲಿಯಾನ್ ಕಡತ ಬಿಚ್ಚಿ ನೋಡಿದಾಗ ಅವರೂ ಅದನ್ನೇ ಹೇಳಿದರು.

ಆ ಜಡ್ಜ್ ಕಡತ ನೋಡುವಂತಾಗಿದ್ದೇ ಒಂದು ದೊಡ್ಡ ಹೋರಾಟದಿಂದ. 2004ರಲ್ಲಿ ಸುಪ್ರೀಂ ಕೋರ್ಟ್, ಗ್ವಾಂಟನಾಮೋ ಕೈದಿಗಳು ಹೇಬಿಯಸ್ ಕಾರ್ಪಸ್ ಅರ್ಜಿ (ಹಿಡಿದಿಟ್ಟ ಕಾರಣವನ್ನು ಕೋರ್ಟ್ ಮುಂದೆ ಪ್ರಶ್ನಿಸುವ ಅರ್ಜಿ) ಹಾಕಬಹುದು ಎಂದಿತು. ಅದೇ ದಿನ ಹಮ್ದಿ ಎಂಬ ಅಮೆರಿಕದ ಪ್ರಜೆಯ ಕೇಸ್‌ನಲ್ಲಿ, ಹೋರಾಟಗಾರರನ್ನು ಹಿಡಿದಿಡಬಹುದು, ಆದರೆ ತಟಸ್ಥ ವ್ಯಕ್ತಿಯೊಬ್ಬರ ಮುಂದೆ ಅದನ್ನು ಪ್ರಶ್ನಿಸಲು ಅವಕಾಶ ಕೊಡಬೇಕು ಎಂದಿತು. ಸಂಸತ್ತು ಎರಡು ಸಲ ಕಾನೂನು ಮಾಡಿ ಗ್ವಾಂಟನಾಮೋ ಕೈದಿಗಳ ಬಾಗಿಲು ಮುಚ್ಚಲು ನೋಡಿತು. 2008ರ ಜೂನ್ 12ರಂದು ಬೂಮೆದಿಯನ್ ಹೆಸರಿನ ಕೇಸ್‌ನಲ್ಲೇ ಸುಪ್ರೀಂ ಕೋರ್ಟ್ ಐದು–ನಾಲ್ಕರಿಂದ ಆ ಬಾಗಿಲನ್ನು ಸಂವಿಧಾನದ ಬಲದಿಂದ ತೆರೆಯಿತು. ಬರೀ ಒಂದು ವೋಟಿನ ಅಂತರ.

ಬೆಂಗಳೂರಿಗೂ ಗೊತ್ತಿರುವ ಅರ್ಜಿ

ಹೇಬಿಯಸ್ ಕಾರ್ಪಸ್ ಎನ್ನುವುದು ಕನ್ನಡದ ಓದುಗರಿಗೆ ಹೊಸದೇನಲ್ಲ. 1975ರ ಜೂನ್ 26ರಂದು ತುರ್ತುಪರಿಸ್ಥಿತಿಯ ಮೊದಲ ದಿನವೇ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲಿ ಬಂಧನಕ್ಕೊಳಗಾದರು. ಸಂಸದೀಯ ಸಮಿತಿಯ ಸಭೆಗೆಂದು ಬಂದವರು ಬೆಂಗಳೂರು ಸೆಂಟ್ರಲ್ ಜೈಲು ಸೇರಿದರು. ಹಿಡಿದಿಟ್ಟ ಕಾರಣ ತೋರಿಸಿ ಎಂಬ ಅವರ ಅರ್ಜಿ ಕರ್ನಾಟಕ ಹೈಕೋರ್ಟ್‌ನಲ್ಲಿತ್ತು. ಹಲವು ಹೈಕೋರ್ಟ್‌ಗಳ ಇಂಥ ಕೇಸ್‌ಗಳೆಲ್ಲ ಸೇರಿ ಸುಪ್ರೀಂ ಕೋರ್ಟ್‌ಗೆ ಹೋದಾಗ 1976ರ ಏಪ್ರಿಲ್ 28ರಂದು ನಾಲ್ಕು–ಒಂದರ ತೀರ್ಪು ಬಂತು: ತುರ್ತುಪರಿಸ್ಥಿತಿಯಲ್ಲಿ ಆ ಅರ್ಜಿಗೇ ಜಾಗ ಇಲ್ಲ. ಭಿನ್ನಮತ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಅಧಿಕೃತವಾಗಿ ಕಿತ್ತುಹಾಕಲು 2017ರ ತನಕ ಕಾಯಬೇಕಾಯಿತು. ಅದೂ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ್ದ ಕೇಸ್‌ನಲ್ಲಿ.

ರಾಜಕೀಯ ಕೈದಿಗಳೂ ಅಲ್‌ಖೈದಾ ಶಂಕಿತರೂ ಒಂದೇ ಅಲ್ಲ, ನಿಜ. ಆದರೆ ಅರ್ಜಿ ಕೇಳುವ ಪ್ರಶ್ನೆ ಒಂದೇ: ಈತನನ್ನು ಯಾವ ಆಧಾರದ ಮೇಲೆ ಹಿಡಿದಿದ್ದೀರಿ? ಒಳಗಿರುವವನು ಯಾರು ಎಂದು ನೋಡಿ ಆ ಪ್ರಶ್ನೆಗೆ ಅನುಮತಿ ಕೊಡುವುದಾದರೆ, ಆತ ಯಾರು ಎನ್ನುವುದನ್ನೂ ಹಿಡಿದವರೇ ತೀರ್ಮಾನ ಮಾಡಿದಂತಾಗುತ್ತದೆ, ಅಲ್ವಾ?

ಮಾತು ಬಿಡಿಸಲು ಹೋಗಿ ಸಾಕ್ಷ್ಯ ಕಳೆದುಕೊಂಡರು

ಈಗ ಖಾಲಿದ್ ಕೇಸ್‌ಗೆ ವಾಪಸ್ ಬರೋಣ. ಇಡೀ ಕಗ್ಗಂಟಿನ ಮೂಲ ಇಲ್ಲಿದೆ.

2003ರಿಂದ 2006ರ ಸೆಪ್ಟೆಂಬರ್‌ವರೆಗೆ ಆತ ಸಿಐಎಯ ಗುಪ್ತ ಜೈಲುಗಳಲ್ಲಿದ್ದ. 2003ರ ಮಾರ್ಚ್ ಒಂದೇ ತಿಂಗಳಲ್ಲಿ ಆತನನ್ನು ಹಲಗೆಗೆ ಕಟ್ಟಿ, ಮುಖದ ಮೇಲೆ ಬಟ್ಟೆ ಹಾಕಿ, ಉಸಿರುಗಟ್ಟುವಂತೆ 183 ಸಲ ನೀರು ಸುರಿದರು. ನಿದ್ದೆ ಇಲ್ಲದೆ ದಿನಗಟ್ಟಲೆ ನಿಲ್ಲಿಸಿದರು. ಇದು ಎದುರಾಳಿಗಳ ಆರೋಪ ಅಲ್ಲ, ಅಮೆರಿಕ ಸರ್ಕಾರದ್ದೇ ದಾಖಲೆ. ಆಗ ಯಾರಿಗೂ ವಿಚಾರಣೆಯ ಚಿಂತೆ ಇರಲಿಲ್ಲ, ಬೇಕಿದ್ದದ್ದು ಮಾಹಿತಿ.

ಹಿಂಸೆ ಕೊಟ್ಟು ಬಾಯಿಬಿಡಿಸಿದ ಮಾತನ್ನು ಮಿಲಿಟರಿ ನ್ಯಾಯಮಂಡಳಿಯಲ್ಲೂ ಸಾಕ್ಷ್ಯ ಎಂದು ಬಳಸುವಂತಿಲ್ಲ. ಇದು ಸರ್ಕಾರಕ್ಕೂ ಗೊತ್ತಿತ್ತು. ಹಾಗಾಗಿ 2007ರಲ್ಲಿ ಗ್ವಾಂಟನಾಮೋದಲ್ಲಿ ಎಫ್‌ಬಿಐನ ಬೇರೆ ತಂಡ ಬಂದು ಕೈದಿಗಳನ್ನು ಹೊಸದಾಗಿ ಪ್ರಶ್ನಿಸಿತು. ಇವರು ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಹಾಗಾಗಿ ಈ ಹೇಳಿಕೆ ಶುದ್ಧ ಎನ್ನುವುದು ವಾದ. ಆದರೆ ಮೂರು ವರ್ಷ ಹಿಂಸೆ ತಿಂದವನು ಅದೇ ಸರ್ಕಾರದ ಇನ್ನೊಬ್ಬ ಅಧಿಕಾರಿಯ ಮುಂದೆ ಭಯ ಬಿಟ್ಟು ಮಾತಾಡುತ್ತಾನೆಯೇ? ಈ ಒಂದೇ ಪ್ರಶ್ನೆಯ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. 2025ರ ಏಪ್ರಿಲ್‌ನಲ್ಲಿ ಮಿಲಿಟರಿ ಜಡ್ಜ್ ಮ್ಯಾಥ್ಯೂ ಮೆಕಾಲ್, ಇದೇ ಕೇಸ್‌ನ ಇನ್ನೊಬ್ಬ ಆರೋಪಿ ಅಮ್ಮಾರ್ ಅಲ್ ಬಲೂಚಿಯ ಹೇಳಿಕೆಯನ್ನು ಇದೇ ಕಾರಣಕ್ಕೆ ತಳ್ಳಿಹಾಕಿದರು. ಮತ್ತೊಬ್ಬ ಆರೋಪಿ ರಮ್ಜಿ ಬಿನ್ ಅಲ್ ಶಿಬ್ ವಿಚಾರಣೆ ಎದುರಿಸುವ ಮಾನಸಿಕ ಸ್ಥಿತಿಯಲ್ಲೇ ಇಲ್ಲ ಎಂದು 2023ರಲ್ಲೇ ಹೊರಗಿಟ್ಟಾಗಿತ್ತು.

ಕೋರ್ಟ್ ಕೋಣೆಯೊಳಗಿನ ಸ್ಥಿತಿಯೂ ವಿಚಿತ್ರ. ವೀಕ್ಷಕರು ಗಾಜಿನ ಗೋಡೆಯ ಆಚೆ ಕೂರುತ್ತಾರೆ. ಒಳಗಿನ ಮಾತು ಅವರಿಗೆ 40 ಸೆಕೆಂಡ್ ತಡವಾಗಿ ಕೇಳಿಸುತ್ತದೆ. ವಕೀಲರು ಎದ್ದು ನಿಂತು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ, ಗಾಜಿನಾಚೆ ಇನ್ನೂ ಹಿಂದಿನ ಮಾತೇ ಬರುತ್ತಿರುತ್ತದೆ. ರಹಸ್ಯ ವಿಷಯ ಬಂದರೆ ಕೆಂಪು ದೀಪ ಹತ್ತುತ್ತದೆ, ಧ್ವನಿ ಕಡಿದುಹೋಗುತ್ತದೆ. 2013ರ ಜನವರಿಯಲ್ಲಿ ಒಂದು ದಿನ ಹೀಗೆ ಧ್ವನಿ ಕಡಿಯಿತು. ಆದರೆ ಗುಂಡಿ ಒತ್ತಿದ್ದು ಜಡ್ಜ್ ಅಲ್ಲ, ಅವರ ಸಿಬ್ಬಂದಿಯೂ ಅಲ್ಲ. ಹೊರಗೆ ಇನ್ಯಾರೋ ಕೂತು ವಿಚಾರಣೆಯ ಧ್ವನಿ ನಿಲ್ಲಿಸಬಲ್ಲರು ಎನ್ನುವುದು ಜಡ್ಜ್ ಜೇಮ್ಸ್ ಪೋಲ್‌ಗೇ ಅಂದು ತಿಳಿದದ್ದು. 2015ರ ಫೆಬ್ರವರಿಯಲ್ಲಿ ಇನ್ನೊಂದು ಪ್ರಸಂಗ. ತನ್ನ ಪಕ್ಕ ಕೂತಿದ್ದ ಅನುವಾದಕನನ್ನು ನೋಡಿ ಬಿನ್ ಅಲ್ ಶಿಬ್, ಈತನನ್ನು ಗುಪ್ತ ಜೈಲಿನಲ್ಲಿ ನೋಡಿದ್ದೇನೆ ಎಂದ. ಆ ಅನುವಾದಕ ಹಿಂದೆ ಸಿಐಎಗೆ ಕೆಲಸ ಮಾಡಿದ್ದು ನಿಜವಾಗಿತ್ತು. ವಿಚಾರಣೆ ಮತ್ತೆ ನಿಂತಿತು.

ಇಂಥ ಒಂದೊಂದು ಘಟನೆಗೂ ಅರ್ಜಿ, ಪ್ರತಿ ಅರ್ಜಿ, ತಿಂಗಳುಗಳ ವಿಳಂಬ. ಮಾಮೂಲಿ ಕೋರ್ಟ್‌ಗೆ ಇನ್ನೂರು ವರ್ಷದ ನಿಯಮ, ತೀರ್ಪುಗಳ ರಾಶಿ ಇದೆ. ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಹೆಚ್ಚಿನ ಸಲ ಮೊದಲೇ ಗೊತ್ತಿರುತ್ತದೆ. 2006ರಲ್ಲಿ ಸುಪ್ರೀಂ ಕೋರ್ಟ್ ಬುಷ್‌ರ ಮೊದಲ ನ್ಯಾಯಮಂಡಳಿಯನ್ನು ರದ್ದುಮಾಡಿದ ಮೇಲೆ ಸಂಸತ್ತು ಹೊಸದನ್ನು ಕಟ್ಟಿತು, 2009ರಲ್ಲಿ ಮತ್ತೆ ತಿದ್ದಿತು. ಹೊಸ ಮಂಡಳಿಯಲ್ಲಿ ಪ್ರತಿಯೊಂದೂ ಮೊದಲಿನಿಂದ ವಾದಿಸಿ ಗೆಲ್ಲಬೇಕು.

2008ರ ಡಿಸೆಂಬರ್‌ನಲ್ಲಿ 9/11 ಕೇಸ್‌ನ ಐದೂ ಆರೋಪಿಗಳು ತಪ್ಪೊಪ್ಪಿಕೊಳ್ಳುತ್ತೇವೆ ಎಂದಿದ್ದರು. ಒಪ್ಪಿಕೊಂಡರೆ ಈ ಮಂಡಳಿ ಮರಣದಂಡನೆ ಕೊಡಬಹುದೇ ಎನ್ನುವುದೇ ನಿಯಮದಲ್ಲಿ ಸ್ಪಷ್ಟವಿರಲಿಲ್ಲ. ಮುಂದಿನ ತಿಂಗಳು ಒಬಾಮಾ ಬಂದು ಎಲ್ಲವನ್ನೂ ನಿಲ್ಲಿಸಿದರು. 2009ರ ನವೆಂಬರ್‌ನಲ್ಲಿ ಅವರ ಸರ್ಕಾರ ಕೇಸನ್ನು ನ್ಯೂಯಾರ್ಕ್‌ನ ಮಾಮೂಲಿ ಕೋರ್ಟ್‌ಗೆ ಒಯ್ಯುವುದಾಗಿ ಹೇಳಿತು. ಗಲಾಟೆ ಎದ್ದಿತು. ಗ್ವಾಂಟನಾಮೋ ಕೈದಿಗಳನ್ನು ಅಮೆರಿಕದ ನೆಲಕ್ಕೆ ತರಲು ಹಣವನ್ನೇ ಕೊಡುವುದಿಲ್ಲ ಎಂದು ಸಂಸತ್ತು ಕಾನೂನು ಮಾಡಿತು. 2011ರಲ್ಲಿ ಕೇಸ್ ಮತ್ತೆ ಸೈನ್ಯದ ಕೈಗೆ ಬಂತು.

ಒಪ್ಪಂದದಲ್ಲಿ ಏನಿತ್ತು?

ಖಾಲಿದ್, ವಲೀದ್ ಬಿನ್ ಅತ್ತಾಶ್, ಮುಸ್ತಫಾ ಅಲ್ ಹವ್ಸಾವಿ, ಈ ಮೂವರು 2,976 ಕೊಲೆಗಳೂ ಸೇರಿ ಎಲ್ಲ ಆರೋಪ ಒಪ್ಪಿಕೊಳ್ಳುವುದು. ಸತ್ತವರ ಮನೆಯವರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಬದಲಿಗೆ ಮರಣದಂಡನೆ ಇಲ್ಲ, ಜೀವನಪೂರ್ತಿ ಜೈಲು.

ಇದನ್ನು ಮುಂದಿಟ್ಟವರು ಆರೋಪಿಗಳ ಪರ ವಕೀಲರು ಮಾತ್ರವಲ್ಲ, ಸರ್ಕಾರಿ ವಕೀಲರೂ ಜೊತೆಗಿದ್ದರು. ಅವರಿಗೆ ಲೆಕ್ಕ ಗೊತ್ತಿತ್ತು. ಹಿಂಸೆಯ ನೆರಳು ಬಿದ್ದ ಸಾಕ್ಷ್ಯ ಇಟ್ಟುಕೊಂಡು ಮರಣದಂಡನೆ ಕೇಳಿದರೆ ವಿಚಾರಣೆ ಇನ್ನೂ ಹಲವು ವರ್ಷ, ಆಮೇಲೆ ಮೇಲ್ಮನವಿ ಇನ್ನೂ ಹಲವು ವರ್ಷ. ತಪ್ಪೊಪ್ಪಿಗೆ ಆದರೆ ಆ ಜಗಳವೆಲ್ಲ ಒಂದೇ ಏಟಿಗೆ ಮುಗಿಯುತ್ತದೆ. ಇನ್ನೊಂದು ಅನುಭವವೂ ಅವರ ಕಣ್ಣ ಮುಂದಿತ್ತು. 2021ರಲ್ಲಿ ಮಜೀದ್ ಖಾನ್ ಎಂಬ ಕೈದಿ ತನಗಾದ ಹಿಂಸೆಯನ್ನು ಮಿಲಿಟರಿ ಜ್ಯೂರಿಗೆ ವಿವರಿಸಿದಾಗ, ಎಂಟು ಸೇನಾಧಿಕಾರಿಗಳಲ್ಲಿ ಏಳು ಜನ ಆತನಿಗೆ ದಯೆ ತೋರಿಸಿ ಎಂದು ಕೈಬರಹದ ಪತ್ರ ಬರೆದಿದ್ದರು. ಆತನನ್ನು ನಡೆಸಿಕೊಂಡ ರೀತಿ ಅಮೆರಿಕದ ನೈತಿಕತೆಗೆ ಕಳಂಕ ಎಂದರು. ಸಮವಸ್ತ್ರದವರ ಜ್ಯೂರಿ ಎಂದರೆ ಗಲ್ಲು ಖಚಿತ ಎಂದುಕೊಳ್ಳುವಂತಿಲ್ಲ.

ಸತ್ತವರ ಕುಟುಂಬಗಳಲ್ಲಿ ಒಮ್ಮತ ಇರಲಿಲ್ಲ. ಕೆಲವರಿಗೆ, ನಾವು ಸಾಯುವ ಮುಂಚೆ ಒಂದು ತೀರ್ಪಾದರೂ ಬರಲಿ ಎಂಬ ಆಸೆ. ಇನ್ನು ಕೆಲವರಿಗೆ, ಇಷ್ಟು ವರ್ಷ ಕಾದದ್ದು ಚೌಕಾಸಿಗಲ್ಲ ಎಂಬ ನೋವು. ಆಸ್ಟಿನ್ ಎರಡನೆಯವರ ಪಕ್ಷ ಹಿಡಿದರು, ಜನರಿಗೆ ಪೂರ್ತಿ ವಿಚಾರಣೆ ನೋಡುವ ಹಕ್ಕಿದೆ ಎಂದರು. ಅದು ಚುನಾವಣೆಯ ವರ್ಷ ಎನ್ನುವುದನ್ನೂ ಮರೆಯುವ ಹಾಗಿಲ್ಲ. ಮೇಲ್ಮನವಿ ಕೋರ್ಟ್ ಉತ್ತರಿಸಿದ್ದು ಅಧಿಕಾರ ಯಾರಿಗಿತ್ತು ಎಂಬ ಪ್ರಶ್ನೆಗೆ ಮಾತ್ರ. ಆ ಪೂರ್ತಿ ವಿಚಾರಣೆ ನಡೆಯಬಲ್ಲದೇ ಎನ್ನುವುದು ಅದರ ಮುಂದೆ ಇರಲೇ ಇಲ್ಲ.

ಮುಂಬೈ ನ್ಯಾಯಾಲಯದ ನಾಲ್ಕು ವರ್ಷ

ಮಾಮೂಲಿ ಕಾನೂನಿನಲ್ಲಿ ಇಂಥ ಕೇಸ್ ನಡೆಸಲಾಗದು ಎನ್ನುವವರಿಗೆ ಭಾರತದ ಉದಾಹರಣೆ ಇದೆ. 2008ರ ನವೆಂಬರ್ 26ರ ಮುಂಬೈ ದಾಳಿಯಲ್ಲಿ ಜೀವಂತ ಸಿಕ್ಕ ಅಜ್ಮಲ್ ಕಸಬ್‌ನನ್ನು ಸೈನ್ಯಕ್ಕೆ ಕೊಡಲಿಲ್ಲ. ಆರ್ಥರ್ ರೋಡ್ ಜೈಲಿನೊಳಗೇ ವಿಶೇಷ ಕೋರ್ಟ್ ಕೂತಿತು. ಹಲವು ವಕೀಲರು ಆತನ ಪರ ನಿಲ್ಲಲು ಒಪ್ಪದಿದ್ದಾಗ ಕೋರ್ಟೇ ವಕೀಲರನ್ನು ಕೊಟ್ಟಿತು. 2010ರ ಮೇ ತಿಂಗಳಲ್ಲಿ ತೀರ್ಪು, 2011ರಲ್ಲಿ ಹೈಕೋರ್ಟ್, 2012ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ನವೆಂಬರ್ 21ರಂದು ಯರವಾಡ ಜೈಲಿನಲ್ಲಿ ಗಲ್ಲು. ಅದೇ ಕೇಸ್‌ನಲ್ಲಿ ಇಬ್ಬರು ಭಾರತೀಯ ಆರೋಪಿಗಳ ಮೇಲೆ ಸಾಕ್ಷ್ಯ ಸಾಲದು ಎಂದು ಅದೇ ಕೋರ್ಟ್ ಬಿಟ್ಟಿತು. ಮೇಲಿನ ಕೋರ್ಟ್‌ಗಳೂ ಅದನ್ನು ಒಪ್ಪಿದವು. ತೀರ್ಪಿಗೆ ತೂಕ ಬರುವುದು ಗಲ್ಲಿನಷ್ಟೇ ಈ ಬಿಡುಗಡೆಯಿಂದಲೂ.

ಹಾಗೆಂದು ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ ವಿಚಾರಣೆಯೇ ಇಲ್ಲದೆ 12 ತಿಂಗಳವರೆಗೆ ಇಡಬಹುದು. ಭಯೋತ್ಪಾದನೆ ಕೇಸ್‌ಗಳಿಗೆ ಬಳಸುವ ಯುಎಪಿಎ ಕಾಯ್ದೆಯಡಿ ಆರೋಪಪಟ್ಟಿಗೇ 180 ದಿನ, ಜಾಮೀನು ದುರ್ಲಭ. ಸೈನ್ಯದ ಜೈಲಿಲ್ಲದಿದ್ದರೂ ವಿಚಾರಣೆಗೆ ಮುಂಚಿನ ಜೈಲೇ ಶಿಕ್ಷೆಯಷ್ಟು ಉದ್ದವಾಗುವ ಕೇಸ್‌ಗಳು ಇಲ್ಲಿ ಬೇಕಾದಷ್ಟಿವೆ.

ಮುಂದೇನಾಗಬಹುದು?

2025ರ ಜನವರಿಯಲ್ಲಿ 11 ಯೆಮೆನ್ ಕೈದಿಗಳನ್ನು ಓಮನ್‌ಗೆ ಕಳಿಸಿದ ಮೇಲೆ ಗ್ವಾಂಟನಾಮೋದಲ್ಲಿ ಉಳಿದವರು 15 ಜನ. ಆಗ ಅವರಲ್ಲಿ ಶಿಕ್ಷೆಯಾಗಿದ್ದವರು ಇಬ್ಬರು, ಮಿಲಿಟರಿ ವಿಚಾರಣೆಯ ಬೇರೆ ಬೇರೆ ಹಂತದಲ್ಲಿದ್ದವರು ಏಳು. ಮೂವರನ್ನು ಕಳಿಸಬಹುದು ಎಂದಾಗಿತ್ತು. ಇನ್ನು ಮೂವರ ಮೇಲೆ ಆರೋಪವೂ ಇಲ್ಲ, ಕಳಿಸಲು ಒಪ್ಪಿಗೆಯೂ ಇಲ್ಲ. ಕೈದಿಗಳು 40 ಇದ್ದಾಗಲೇ ತಲೆಗೆ ವರ್ಷಕ್ಕೆ ಸುಮಾರು 1.3 ಕೋಟಿ ಡಾಲರ್ ಖರ್ಚು ಎಂದು ಅಮೆರಿಕದ ಪತ್ರಿಕೆಗಳು ಲೆಕ್ಕ ಹಾಕಿದ್ದವು.

ಖಾಲಿದ್ ಕೇಸ್‌ಗೆ ಮೂರು ದಾರಿ. ಒಂದು, ಮರಣದಂಡನೆ ಕೇಳುವ ಪೂರ್ತಿ ವಿಚಾರಣೆ. ಇದರಲ್ಲಿ ಆತನ ಹೇಳಿಕೆಗೂ ಬಲೂಚಿಯ ಹೇಳಿಕೆಗಾದ ಗತಿಯೇ ಬಂದರೆ ಸರ್ಕಾರದ ಕೇಸ್ ಬಹಳ ದುರ್ಬಲವಾಗುತ್ತದೆ. ಎರಡು, ಇನ್ನೊಂದು ಸುತ್ತಿನ ಒಪ್ಪಂದ. ಆದರೆ ಒಮ್ಮೆ ಸಹಿ ಹಾಕಿದ ಮೇಲೂ ವಾಷಿಂಗ್ಟನ್ ಹಿಂದೆ ಸರಿಯಬಹುದು ಎಂದು ಗೊತ್ತಾದ ಮೇಲೆ ಯಾವ ವಕೀಲ ತನ್ನ ಕಕ್ಷಿದಾರನಿಗೆ ಸಹಿ ಹಾಕು ಎನ್ನುತ್ತಾನೆ? ಮೂರು, ಏನೂ ಆಗದೆ ಆರೋಪಿಗಳು ಅಲ್ಲೇ ಮುದುಕರಾಗಿ ಸಾಯುವುದು. ನಡೆದು ಬಂದ ರೀತಿ ನೋಡಿದರೆ ಮೂರನೆಯದಕ್ಕೇ ಜಾಸ್ತಿ ಸಾಧ್ಯತೆ.

ಇನ್ನೂ ಒಂದು ಸಂಗತಿ ಉಳಿಯುತ್ತದೆ. ಮಾಮೂಲಿ ಕೋರ್ಟ್‌ನಲ್ಲಿ ಕ್ರಿಮಿನಲ್ ವಿಚಾರಣೆ ಎದುರಿಸಿದ ಏಕೈಕ ಗ್ವಾಂಟನಾಮೋ ಕೈದಿ ಅಹ್ಮದ್ ಘೈಲಾನಿ. 1998ರಲ್ಲಿ ಪೂರ್ವ ಆಫ್ರಿಕಾದ ಎರಡು ಅಮೆರಿಕನ್ ರಾಯಭಾರ ಕಚೇರಿಗಳ ಮೇಲೆ ನಡೆದ ದಾಳಿಯ ಆರೋಪಿ. 2010ರಲ್ಲಿ ನ್ಯೂಯಾರ್ಕ್ ಜ್ಯೂರಿ 280ಕ್ಕೂ ಹೆಚ್ಚು ಆರೋಪಗಳಿಂದ ಆತನನ್ನು ಬಿಟ್ಟು, ಒಂದರಲ್ಲಿ ಮಾತ್ರ ತಪ್ಪಿತಸ್ಥ ಎಂದಿತು. ಆ ಒಂದಕ್ಕೇ ಜೀವಾವಧಿ ಆಯಿತು. ನೋಡಿ, ಮಾಮೂಲಿ ಕೋರ್ಟ್ ನಂಬಿದರೆ ಹೀಗೇ ಎಂದು ಒಂದು ಪಕ್ಷ ಕೂಗಾಡಿತು. ಆದರೆ ಆ ವಿಚಾರಣೆ ಶುರುವಾಗುವ ಹೊತ್ತಿಗೆ ಜಡ್ಜ್ ಲೂಯಿಸ್ ಕ್ಯಾಪ್ಲನ್ ತಮ್ಮ ಆದೇಶದಲ್ಲಿ ಒಂದು ಮಾತು ಬರೆದಿದ್ದರು: ಈತ ನಿರ್ದೋಷಿ ಎಂದಾದರೂ, ಶತ್ರು ಹೋರಾಟಗಾರ ಎಂಬ ನೆಲೆಯಲ್ಲಿ ಯುದ್ಧ ಮುಗಿಯುವ ತನಕ ಸರ್ಕಾರ ಹಿಡಿದಿಡಬಹುದೇನೋ ಎಂದು. ಒಬಾಮಾ ಸರ್ಕಾರದ ನಿಲುವೂ ಅದೇ ಆಗಿತ್ತು. ಅಮೆರಿಕದ ಸೈನ್ಯ ಅಫ್ಘಾನಿಸ್ತಾನ ಬಿಟ್ಟದ್ದು 2021ರ ಆಗಸ್ಟ್‌ನಲ್ಲಿ. 2001ರ ಆ ನಿರ್ಣಯವನ್ನು ಮಾತ್ರ ಸಂಸತ್ತು ಹಿಂತೆಗೆದುಕೊಂಡಿಲ್ಲ.